ವಿಮಾನದ ಸದ್ದು ಎಲ್ಲಿ ಹೋಯಿತು?

ಪ್ರಶ್ನೆ: "ನನಗೀಗ 79 ವರ್ಷ. ತೀರ್ಥಹಳ್ಳಿ ಕಡೆಯವನು. 1967ರಿಂದ 1970ರವರೆಗೆ ಕೊಲಂಬೊ ಯೋಜನೆಯ ವಿದ್ಯಾರ್ಥಿವೇತನದಲ್ಲಿ ಮೆಲ್ಬರ್ನ್‌ನಲ್ಲಿ ಓದಿದೆ. ಬ್ರನ್ಸ್‌ವಿಕ್‌ನ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿಯ ಮಗ ನನಗಿಂತ ಎರಡು ಮೂರು ವರ್ಷ ಚಿಕ್ಕವನು, ಯಾವಾಗಲೂ ರೇಡಿಯೊ ಹಚ್ಚಿಕೊಂಡೇ ಇರುತ್ತಿದ್ದ. ಸೇನೆಯ ಕರೆ ಬಂದು ಹೊರಟಾಗ ಒಂದು ರೆಕಾರ್ಡಿನ ಕವರಿನ ಮೇಲೆ ಎರಡು ಸಾಲು ಬರೆದು ನನ್ನ ಕೈಗಿಟ್ಟ. ಆ ಹಾಡಿನಲ್ಲಿ ವಿಮಾನವೊಂದು ತಲೆಯ ಮೇಲೆ ಹಾದುಹೋದ ಹಾಗೆ ಸದ್ದು ಬರುತ್ತದೆ. ಕೊನೆಯಲ್ಲಿ ಮಕ್ಕಳ ಗುಂಪೊಂದು ಯಾವುದೋ ಭಾಷೆಯಲ್ಲಿ ಹಾಡುತ್ತದೆ, ಆಮೇಲೆ ಬಾಂಬು ಸಿಡಿಯುತ್ತದೆ. ಕಳೆದ ವರ್ಷ ಪೇಟೆಯ ಒಂದು ಅಂಗಡಿಯಲ್ಲಿ ಅದನ್ನು ಪೆನ್‌ಡ್ರೈವ್‌ಗೆ ಹಾಕಿಸಿದೆ. ಬಂದ ಹಾಡಿನಲ್ಲಿ ವಿಮಾನವೂ ಇಲ್ಲ, ಬಾಂಬೂ ಇಲ್ಲ. ಏನೋ ಮಂಕು ಮಂಕು. ಕೇಳಿದರೆ 'ಅದು ಸವೆದ ರೆಕಾರ್ಡಿನ ಗಲಾಟೆ ಅಂಕಲ್, ಕ್ಲೀನ್ ಮಾಡಿದ್ದೀನಿ' ಅಂದ. ಇನ್ನೊಂದು: ಮೈತುಂಬ ಗುಲಾಬಿ ಬಟ್ಟೆ ತೊಟ್ಟ ಹುಡುಗರ ತಂಡವೊಂದು ಆ ಮನೆಯ ಟಿ.ವಿ.ಯಲ್ಲಿ ಹಾಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಮನೆಯಲ್ಲಿ ಯಾರೂ ನಂಬುತ್ತಿಲ್ಲ. ಮೊಮ್ಮಗ ಬೇರೆ 'ಅದೆಲ್ಲ ಗಾಂಜಾ ಮ್ಯೂಸಿಕ್ ತಾತ' ಎಂದು ನಗುತ್ತಾನೆ. ಈಗ ಪೆಟ್ಟಿಗೆಯಲ್ಲಿ 22 ಸಣ್ಣ ರೆಕಾರ್ಡುಗಳಿವೆ, ಜೊತೆಗೆ ನಮ್ಮ ತಂದೆಯವರ ಕಾಲದ ನಾಲ್ಕಾರು ಗ್ರಾಮಫೋನ್ ಪ್ಲೇಟುಗಳು. ಎಲ್ಲಕ್ಕೂ ಬೂಷ್ಟು. ಸ್ಪಿರಿಟ್ ಹಾಕಿ ಒರೆಸಬಹುದೇ? ಮಗ ಪೆಟ್ಟಿಗೆಯ ಹಾಗೆ ಮುಚ್ಚುವ ಒಂದು ಸೂಟ್‌ಕೇಸ್ ರೆಕಾರ್ಡ್ ಪ್ಲೇಯರ್ ತರಿಸಿಕೊಟ್ಟಿದ್ದಾನೆ, ಅದರಲ್ಲಿ ಹಾಕಲೇ? ಅಥವಾ ನನ್ನ ನೆನಪೇ ಸರಿಯಿಲ್ಲವೇ?"

ಉತ್ತರ: ಸರ್, ಮೊದಲು ಸ್ಪಿರಿಟ್ ಬಾಟಲಿ ಒಳಗಿಡಿ. ಸೂಟ್‌ಕೇಸಿನ ಮುಚ್ಚಳವನ್ನೂ ಹಾಕಿಡಿ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಹಳೆಯ ರೆಕಾರ್ಡು, ಟೇಪುಗಳಿಂದ ಧ್ವನಿ ಎತ್ತಿ ಉಳಿಸುವುದೇ ಮೂವತ್ತು ವರ್ಷದಿಂದ ನನ್ನ ಕಸುಬು. ಪತ್ರ ಓದುತ್ತಿದ್ದಂತೆ ಹಾಡು ಯಾವುದು ಎಂದು ಗೊತ್ತಾಯಿತು. ವಿಮಾನದ ವಿಷಯದಲ್ಲಿ ನೀವು ಸರಿ, ಅಂಗಡಿಯವನು ತಪ್ಪು. ಗುಲಾಬಿ ಬಟ್ಟೆಯ ಲೆಕ್ಕ ಸ್ವಲ್ಪ ಬೇರೆ.

ನೀವು ಹೇಳುತ್ತಿರುವುದು ರಸೆಲ್ ಮಾರಿಸ್ ಹಾಡಿದ 'ದ ರಿಯಲ್ ಥಿಂಗ್'. 1969ರ ಮಾರ್ಚ್‌ನಲ್ಲಿ ಬಂತು, ಆಸ್ಟ್ರೇಲಿಯದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಬರೆದವರು ಜಾನಿ ಯಂಗ್. ಅವರು ಬರೆದದ್ದು ಒಂದು ಮೆಲುಹಾಡು, ರಾನಿ ಬರ್ನ್ಸ್ ಎಂಬ ಗಾಯಕನಿಗಾಗಿ. ಟಿ.ವಿ. ಕಾರ್ಯಕ್ರಮವೊಂದರ ಹಿಂದಿನ ಕೋಣೆಯಲ್ಲಿ ಅದು ಸಂಗೀತ ನಿರ್ಮಾಪಕ ಇಯಾನ್ 'ಮಾಲಿ' ಮೆಲ್ಡ್ರಮ್ ಕಿವಿಗೆ ಬಿತ್ತು. ಅಲ್ಲಿಂದ ಹಾಡಿನ ಹಣೆಬರಹವೇ ಬದಲಾಯಿತು. ಮೆಲ್ಡ್ರಮ್ ಅದನ್ನು ಸೌತ್ ಮೆಲ್ಬರ್ನ್‌ನ ಆರ್ಮ್‌ಸ್ಟ್ರಾಂಗ್ ಸ್ಟುಡಿಯೊಗೆ ಕೊಂಡೊಯ್ದರು. 'ದ ಗ್ರೂಪ್' ತಂಡದವರನ್ನು ವಾದ್ಯಕ್ಕೆ ಕೂರಿಸಿ, ಧ್ವನಿ ಎಂಜಿನಿಯರ್ ಜಾನ್ ಸೇಯರ್ಸ್ ಜೊತೆಗೂಡಿ ಆರು ನಿಮಿಷ ದಾಟುವಷ್ಟು ಎಳೆದರು. ಮೂರು ನಿಮಿಷದ ಹಾಡು ಹಾಕುವುದೇ ರೇಡಿಯೊ ರೂಢಿಯಾಗಿದ್ದ ಕಾಲ. ಖರ್ಚು ಹತ್ತು ಸಾವಿರ ಡಾಲರ್ ತಲುಪಿತು ಎಂದು ಇಂದಿಗೂ ಹೇಳುತ್ತಾರೆ. ಸುಮ್ಮನೆ ಒಂದು ಸಿಂಗಲ್‌ಗೆ, ಅಂದರೆ ಒಂದು ಹಾಡಿನ ಸಣ್ಣ ರೆಕಾರ್ಡಿಗೆ, ಅಷ್ಟು ದುಡ್ಡು ಸುರಿಯುವುದನ್ನು ಆಗ ಅಲ್ಲಿ ಯಾರೂ ಕಂಡಿರಲಿಲ್ಲ.

ಕೊನೆಯ ಮಕ್ಕಳ ಹಾಡು ನೆನಪಿದೆ ಎಂದಿರಲ್ಲ, ಅದು ಹಿಟ್ಲರನ ಯುವದಳದ ಹಳೆಯ ಧ್ವನಿಮುದ್ರಣ. ನಿಮಗೆ ಭಾಷೆ ತಿಳಿಯದೆ ಹೋದದ್ದು ಸಹಜ, ಅದು ಜರ್ಮನ್. ಅದರ ಹಿಂದೆಯೇ ಸ್ಫೋಟ. ನಡುವೆ ಒಬ್ಬ ಮನುಷ್ಯ ಗಂಭೀರವಾಗಿ ಏನೋ ಓದುತ್ತಾನೆ, ಅದೂ ನೆನಪಿರಬೇಕು. ಮೆಲ್ಡ್ರಮ್ಮೇ ಅವರು, ಓದುತ್ತಿರುವುದು ಟೇಪಿನ ಡಬ್ಬಿಯ ಮೇಲೆ ಕಂಪನಿ ಅಚ್ಚು ಹಾಕಿಸಿದ್ದ ಷರತ್ತಿನ ಸಾಲುಗಳು. ಎಷ್ಟೋ ಜನ ಅದರಲ್ಲಿ ಆಳವಾದ ಅರ್ಥ ಹುಡುಕಿ ಸುಸ್ತಾಗಿದ್ದಾರೆ.

ಇನ್ನು ವಿಮಾನ. ಊರ ಜಾತ್ರೆಯಲ್ಲಿ ಎರಡು ಕಂಬಕ್ಕೆ ಎರಡು ಹಾರ್ನ್ ಸ್ಪೀಕರ್ ಕಟ್ಟಿ ಒಂದೇ ಹಾಡು ಹಾಕಿರುತ್ತಾರೆ. ನೀವು ಒಂದು ಕಂಬದಿಂದ ಇನ್ನೊಂದರ ಕಡೆ ನಡೆದು ಹೋಗುವಾಗ ಹಾಡಿನ ಬಣ್ಣ ತಿರುಚಿಕೊಳ್ಳುತ್ತದೆ. ಪೊಳ್ಳಾಗುತ್ತದೆ, ತುಂಬಿಕೊಳ್ಳುತ್ತದೆ, ಮತ್ತೆ ಪೊಳ್ಳಾಗುತ್ತದೆ. ಒಂದೇ ಸದ್ದು ಕೂದಲೆಳೆಯಷ್ಟು ಹಿಂದೆ ಮುಂದೆ ಬಂದು ಕೂಡಿದಾಗ ಕೆಲವು ಸ್ವರಗಳು ಒಂದನ್ನೊಂದು ಹೊಡೆದು ಹಾಕುತ್ತವೆ, ಕೆಲವು ದುಪ್ಪಟ್ಟಾಗುತ್ತವೆ. ಸ್ಟುಡಿಯೊದಲ್ಲಿ ಇದನ್ನೇ ಬೇಕೆಂದು ಮಾಡುತ್ತಿದ್ದರು. ಎರಡು ಟೇಪ್ ಯಂತ್ರಗಳಲ್ಲಿ ಒಂದೇ ಹಾಡು ಓಡಿಸಿ, ಒಂದರ ಚಕ್ರದ ಅಂಚಿಗೆ ಬೆರಳು ತಾಗಿಸಿ ಚೂರೇ ಚೂರು ನಿಧಾನ ಮಾಡುವುದು. ಎರಡರ ನಡುವೆ ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗಗಳ ಅಂತರ. ಬೆರಳು ಬಿಟ್ಟು, ಇನ್ನೊಂದು ಯಂತ್ರಕ್ಕೆ ತಾಗಿಸಿದರೆ ಆ ಅಂತರ ಕರಗುತ್ತಾ ದಾಟಿಹೋಗುತ್ತದೆ. ಆ ದಾಟುವ ಕ್ಷಣವೇ ನಿಮ್ಮ ವಿಮಾನ. ಆಗ ಅದನ್ನು ಫೇಸಿಂಗ್ ಎನ್ನುತ್ತಿದ್ದರು, ಟೇಪಿನ ಕೆಲಸದಲ್ಲಿ ಫ್ಲ್ಯಾಂಜಿಂಗ್ ಎಂಬ ಹೆಸರು ನಿಂತಿತು. 1967ರಲ್ಲಿ ಇಂಗ್ಲೆಂಡಿನ ಸ್ಮಾಲ್ ಫೇಸಸ್ ತಂಡ 'ಇಚಿಕೂ ಪಾರ್ಕ್' ಹಾಡಿನಲ್ಲಿ ಅದನ್ನು ಜಗಜ್ಜಾಹೀರು ಮಾಡಿತ್ತು. ಈಗ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಬರುತ್ತದೆ. ಬೆರಳಿನಿಂದ ಮಾಡಿದ್ದಕ್ಕೆ ಒಂದು ತೂಕವಿದೆ ಎಂಬುದು ನನ್ನ ಪಕ್ಷಪಾತ, ಒಪ್ಪಲೇಬೇಕೆಂದಿಲ್ಲ.

ಅಂಗಡಿಯವನ ಕಂಪ್ಯೂಟರ್ ತಿಂದು ಹಾಕಿದ್ದು ಇದನ್ನೇ. ಪಾಪ, ಅವನು ಮೋಸ ಮಾಡಿಲ್ಲ. ಶಬ್ದ ತೆಗೆಯುವ ಸಾಫ್ಟ್‌ವೇರ್‌ಗೆ ಹಾಡು ಯಾವುದು, ಸದ್ದು ಯಾವುದು ಎಂದು ತಿಳಿಯುವುದಿಲ್ಲ. ಸ್ಪಷ್ಟ ಸ್ವರವಿದ್ದರೆ ಹಾಡು. ಸುಯ್ ಎಂದು ಹರಡಿಕೊಂಡಿದ್ದರೆ ಕಸ. ಅಷ್ಟೇ ಅದರ ನ್ಯಾಯ. ಫ್ಲ್ಯಾಂಜಿಂಗ್ ಎದ್ದು ಕೇಳುವುದು ಎಲ್ಲಿ? ಸಿಂಬಲ್ ತಾಳದ ಮೇಲೆ, ಗಿಟಾರಿನ ಜುಯ್‌ಗುಟ್ಟುವಿಕೆಯ ಮೇಲೆ, ಅಂದರೆ ಹರಡಿಕೊಂಡ ಸದ್ದಿನ ಮೇಲೆಯೇ. ಬಾಂಬ್ ಸಿಡಿತವಂತೂ ಪೂರ್ತಿ ಸದ್ದೇ. ಪೂರ್ತಿ ಆಟೊಮ್ಯಾಟಿಕ್‌ಗೆ ಬಿಟ್ಟರೆ ಮೊದಲ ಬಲಿ ಇವೇ. ಚಟಪಟ ತೆಗೆಯುವ ಇನ್ನೊಂದು ಉಪಕರಣವಿದೆ, ಅದು ಡ್ರಮ್ಮಿನ ಪೆಟ್ಟನ್ನೇ ಗೀರು ಎಂದುಕೊಂಡು ಮೊಂಡು ಮಾಡುತ್ತದೆ. ನಿಮ್ಮ ಪೆನ್‌ಡ್ರೈವಿನ ಹಾಡಿನಲ್ಲಿ ಹಾಡುಗಾರನ ಹಿಂದೆ ನೀರಿನೊಳಗೆ ಗುಳ್ಳೆ ಏಳುವಂಥ ಸದ್ದಿದೆಯೇ, ಕೇಳಿ ನೋಡಿ. ಇದ್ದರೆ ಬೇರೆ ಸಾಕ್ಷಿ ಬೇಡ.

ನಿಮ್ಮ ರೆಕಾರ್ಡಿನ ಮೇಲೂ ಸ್ವಲ್ಪ ಹೊಣೆ ಇದೆ. ಏಳು ಇಂಚಿನ ತಟ್ಟೆ ನಿಮಿಷಕ್ಕೆ 45 ಸುತ್ತು ಸುತ್ತುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಗೆರೆ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಓಡಿದರೆ, ಲೇಬಲ್ ಹತ್ತಿರ ಬರುವಷ್ಟರಲ್ಲಿ ಸುಮಾರು 25ಕ್ಕೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಇನ್ನೂ ಕಡಿಮೆ ಜಾಗದಲ್ಲಿ ಒತ್ತಿ ತುಂಬಬೇಕು. ಜೊತೆಗೆ ಆರು ನಿಮಿಷದ ಹಾಡನ್ನು ಒಂದೇ ಬದಿಯಲ್ಲಿ ಹಿಡಿಸಲು ಗೆರೆಗಳನ್ನು ಹತ್ತಿರ ಹತ್ತಿರ, ದನಿ ತಗ್ಗಿಸಿ ಕೊರೆಯಬೇಕಾಗುತ್ತದೆ. ಅತಿ ದೊಡ್ಡ ಗದ್ದಲವಿರುವುದು ಅತಿ ಇಕ್ಕಟ್ಟಿನ ಜಾಗದಲ್ಲಿ. ಆ ಹುಡುಗ ಹೊರಡುವ ಮುಂಚೆ ಭಾರದ ಮುಳ್ಳಿನಲ್ಲಿ ಎಷ್ಟು ಸಲ ಹಾಕಿ ಕೇಳಿದ್ದನೋ. ಸವೆತವೇನಾದರೂ ಇದ್ದರೆ ಅದು ಬಾಂಬಿನ ಬಳಿಯೇ ಇರುತ್ತದೆ.

ಕೇಳಲು ಕಷ್ಟದ ಮಾತೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಯಸ್ಸಾದಂತೆ ಕಿವಿಗೆ ಮೇಲಿನ ಸ್ವರಗಳು ಕೇಳಿಸುವುದು ಕಡಿಮೆಯಾಗುತ್ತದೆ. ವಿಮಾನದ ಸುಯ್‌ಕಾರದ ಮೇಲ್ತುದಿ ಇರುವುದು ಅಲ್ಲೇ. ಶ್ರವಣ ಸಾಧನ ಹಾಕುತ್ತೀರಾದರೆ ಇನ್ನೊಂದು ತೊಡಕು: ಅವು ಮಾತಿಗಾಗಿ ಮಾಡಿದವು. ಸೀಟಿ ಹೊಡೆಯದಂತೆ ತಡೆಯುವ ಅದರೊಳಗಿನ ಏರ್ಪಾಡು ಉದ್ದದ ಸ್ವರವನ್ನು ಸೀಟಿ ಎಂದುಕೊಂಡು ನಡುಗಿಸುತ್ತದೆ. ನಿಮ್ಮ ಆಡಿಯಾಲಜಿಸ್ಟ್ ಹತ್ತಿರ 'ಮ್ಯೂಸಿಕ್ ಪ್ರೋಗ್ರಾಂ ಹಾಕಿಕೊಡಿ' ಎಂದು ಕೇಳಿ. ಹೆಚ್ಚಿನ ಸಾಧನಗಳಲ್ಲಿ ಇರುತ್ತದೆ, ಕೇಳಿದವರಿಗಷ್ಟೇ ಹಾಕಿಕೊಡುತ್ತಾರೆ.

ಈಗ ಗುಲಾಬಿ ಹುಡುಗರು. ತಂಡದ ಹೆಸರು ಜೂಟ್. ಅಡಿಲೇಡ್‌ನಿಂದ ಮೆಲ್ಬರ್ನ್‌ಗೆ ಬಂದವರು. 1968ರ ಹೊತ್ತಿಗೆ ಅವರ ಪ್ರಚಾರದವರು ಎಲ್ಲರಿಗೂ ತಲೆಯಿಂದ ಕಾಲಿನವರೆಗೆ ಗುಲಾಬಿ ತೊಡಿಸಿದ್ದರು. ಆದ್ದರಿಂದ ತಂಡ ನಿಜ, ಬಟ್ಟೆಯೂ ನಿಜ. ಟಿ.ವಿ.ಯಲ್ಲಿ ಗುಲಾಬಿ ಕಂಡದ್ದು ಮಾತ್ರ ಸಾಧ್ಯವಿಲ್ಲ ಸರ್. ಆಸ್ಟ್ರೇಲಿಯದಲ್ಲಿ ಬಣ್ಣದ ಟಿ.ವಿ. ಶುರುವಾದದ್ದು 1975ರ ಮಾರ್ಚ್ 1ಕ್ಕೆ, ನೀವು ಊರಿಗೆ ಮರಳಿ ಐದು ವರ್ಷದ ಮೇಲೆ. ನಮ್ಮಲ್ಲಿ 1982ರ ಏಷ್ಯನ್ ಗೇಮ್ಸ್ ಜೊತೆ ಬಣ್ಣದ ಟಿ.ವಿ. ಬಂತಲ್ಲ, ಅವರಿಗೂ ಅಂಥದ್ದೊಂದು ದಿನ. ಬ್ರನ್ಸ್‌ವಿಕ್‌ನ ಆ ಪೆಟ್ಟಿಗೆಯಲ್ಲಿ ನೀವು ನೋಡಿದ್ದು ಬೂದು ಬಟ್ಟೆ.

ಇದಕ್ಕೆ ಬೇಜಾರು ಬೇಡ. ನಿರೂಪಕರು, ಪೋಸ್ಟರುಗಳು, 'ಗೋ-ಸೆಟ್' ಪತ್ರಿಕೆ, ಎಲ್ಲರೂ ಗುಲಾಬಿ ಗುಲಾಬಿ ಎಂದು ಕೂಗುತ್ತಿದ್ದ ದಿನಗಳವು. ಪತ್ರಿಕೆಯನ್ನು ಆ ಹುಡುಗ ವಾರವಾರ ಮನೆಗೆ ತರುತ್ತಿದ್ದಿರಬೇಕು. 1966ರ ಫೆಬ್ರುವರಿಯಲ್ಲಿ ಮೆಲ್ಬರ್ನ್‌ನಲ್ಲೇ ಶುರುವಾಗಿದ್ದ ಅದನ್ನು ಓದದ ಹರೆಯದವರು ಆ ಊರಿನಲ್ಲಿ ಕಡಿಮೆ. ಮನಸ್ಸು ಬೂದು ಚಿತ್ರಕ್ಕೆ ಬಣ್ಣ ತುಂಬಿತು. ಸಿನಿಮಾ ಕಪ್ಪು-ಬಿಳುಪಿನದಾಗಿದ್ದರೂ ನಾಯಕಿಯ ಸೀರೆಯ ಬಣ್ಣವನ್ನು ಆಣೆ ಮಾಡಿ ಹೇಳುವವರು ನಮ್ಮ ಮನೆಯಲ್ಲೂ ಇದ್ದರು. ಅಂದಹಾಗೆ ಆ ಗುಲಾಬಿ ಜೂಟ್‌ಗೆ ಒಳ್ಳೆಯದನ್ನೇನೂ ಮಾಡಲಿಲ್ಲ. ಬೀದಿಯಲ್ಲಿ ಅಣಕ, ತಳ್ಳಾಟ. ಸಾಕಾಗಿ ಬಟ್ಟೆ ಬಿಸಾಕಿ, 1970ರಲ್ಲಿ ಬೀಟಲ್ಸ್‌ನ 'ಎಲೀನರ್ ರಿಗ್ಬಿ'ಯನ್ನು ಗುಡುಗುವಂತೆ ನುಡಿಸಿ ಸೇಡು ತೀರಿಸಿಕೊಂಡರು.

ಒಂದು ನೆನಪಿನ ಬಣ್ಣ ತಪ್ಪಿತೆಂದು ಇನ್ನೊಂದು ನೆನಪಿನ ದನಿಯೂ ತಪ್ಪಾಗಬೇಕಿಲ್ಲ. ಹತ್ತರಿಂದ ಮೂವತ್ತರ ವಯಸ್ಸಿನ ನಡುವೆ ಕಂಡದ್ದು, ಕೇಳಿದ್ದು ಮುಪ್ಪಿನಲ್ಲಿ ಬೇರೆಲ್ಲಕ್ಕಿಂತ ಹೆಚ್ಚಾಗಿ ಮರಳಿ ಬರುತ್ತದೆ ಎಂದು ಮನಶ್ಶಾಸ್ತ್ರದವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಜನ ಹಾಡಿನ ಹೆಸರು ತಪ್ಪುತ್ತಾರೆ, ವರ್ಷ ತಪ್ಪುತ್ತಾರೆ, ಹಾಡಿದವರನ್ನಂತೂ ಬಹಳ ಸಲ ತಪ್ಪುತ್ತಾರೆ. ಒಂದು ವಿಚಿತ್ರ ಸದ್ದು ಇತ್ತು ಎಂದವರು ತಪ್ಪಿದ್ದು ಅಪರೂಪ.

ಮೊಮ್ಮಗನಿಗೆ ಏನು ಹೇಳುವುದು? ಈ ಬಗೆಯ ಸಂಗೀತವನ್ನು ಸೈಕೆಡೆಲಿಕ್ ಎನ್ನುತ್ತಾರೆ. ಆ ಪದ ಹುಟ್ಟಿದ್ದು 1950ರ ದಶಕದಲ್ಲಿ, ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರ ಕೈಯಲ್ಲಿ, ಎಲ್‌ಎಸ್‌ಡಿಯಂಥ ಭ್ರಮೆ ಹುಟ್ಟಿಸುವ ವಸ್ತುಗಳ ಪ್ರಭಾವ ಹೇಳುವುದಕ್ಕೆ. ಆದ್ದರಿಂದ ಹೆಸರಿನ ಬೇರು ಅವನು ಹೇಳಿದ ಕಡೆಗೇ ಹೋಗುತ್ತದೆ. ಆ ಹುಡುಗರಲ್ಲಿ ಸೇದಿದವರು ಇರಲಿಲ್ಲ ಎಂದೇನೂ ನಾನು ವಾದಿಸುವುದಿಲ್ಲ. ಆದರೆ ನೀವು ಕೇಳಿದ ಹಾಡುಗಳು ನಶೆಯಲ್ಲಿ ಆಗುವಂಥವಲ್ಲ. ಆಗಿನ ಯಂತ್ರದಲ್ಲಿ ನಾಲ್ಕು ಟ್ರ್ಯಾಕ್, ಅಂದರೆ ಬೇರೆ ಬೇರೆಯಾಗಿ ಧ್ವನಿ ತುಂಬುವ ನಾಲ್ಕು ಪಟ್ಟಿ, ಇದ್ದರೆ ದೊಡ್ಡದು. ನಾಲ್ಕೂ ತುಂಬಿದ ಮೇಲೆ ಅವನ್ನೆಲ್ಲ ಬೆರೆಸಿ ಒಂದಕ್ಕೆ ಇಳಿಸಬೇಕು, ಖಾಲಿಯಾದ ಜಾಗದಲ್ಲಿ ಮತ್ತೆ ಹಾಡಬೇಕು. ಒಮ್ಮೆ ಬೆರೆಸಿದ್ದನ್ನು ಬಿಡಿಸುವಂತಿಲ್ಲ, ಪ್ರತಿ ಸಲವೂ ಟೇಪಿನ ಸುಯ್ ಸದ್ದು ಏರುತ್ತದೆ. ಹೋಳಿಗೆ ಲಟ್ಟಿಸಿದ ಮೇಲೆ ಹೂರಣಕ್ಕೆ ಬೆಲ್ಲ ಸಾಲದು ಎಂದರೆ ಆಗುತ್ತದೆಯೇ, ಹಾಗೆ. ಬೆರಳಲ್ಲಿ ಚಕ್ರ ತಡೆದು ಸೆಕೆಂಡಿನ ಸಾವಿರದ ಭಾಗ ಹಿಡಿಯುವವನ ತಲೆ ನೆಟ್ಟಗಿರಬೇಕು.

ಅದಕ್ಕಿಂತ ಹೆಚ್ಚಾಗಿ, ಇದು ಪಾಪ್ ಸಂಗೀತ. ಹಾಡಿಕೊಳ್ಳಲು ಬರುವ ರಾಗ, ಅಚ್ಚುಕಟ್ಟಾದ ಪಲ್ಲವಿ, ಅದರ ಮೇಲೆ ಸ್ಟುಡಿಯೊ ಮಾಯೆಯ ತೆಳು ಪರದೆ. ನಿಮ್ಮ 22ರಲ್ಲಿ ಮಾಸ್ಟರ್ಸ್ ಅಪ್ರೆಂಟಿಸಸ್ ತಂಡದ 1967ರ 'ಲಿವಿಂಗ್ ಇನ್ ಎ ಚೈಲ್ಡ್ಸ್ ಡ್ರೀಮ್' ಇದ್ದೀತು, ಹುಡುಕಿ. ಬಾಲ್ಯದ ಹಗಲುಗನಸು, ಅಷ್ಟೇ. ಬರೆದ ಮಿಕ್ ಬೋವರ್ ಆ ವರ್ಷದ ಕೊನೆಗೇ ಆರೋಗ್ಯ ಕೆಟ್ಟು ತಂಡ ಬಿಟ್ಟರು. ಆ ತಂಡ ಆಮೇಲೆ ಬೇರೆ ಬೇರೆ ವೇಷ ತೊಟ್ಟಿತು, ಜಿಮ್ ಕೇಸ್ ಚೆನ್ನಾಗಿಯೇ ಹಾಡಿದರು. ಆದರೂ ಬೋವರ್ ಬರೆದುಕೊಟ್ಟ ಆ ಮಂಜು ಮತ್ತೆ ಅಲ್ಲಿ ಬೀಳಲಿಲ್ಲ ಎಂದು ನನಗನಿಸುತ್ತದೆ.

ಇನ್ನೊಂದು ವಿಷಯ ಹೇಳಿದರೆ ಮೊಮ್ಮಗ ಕಿವಿ ನಿಮಿರಿಸಿಯಾನು. ಈ ಸಂಗೀತ ಕಟ್ಟಿದವರಲ್ಲಿ ಅನೇಕರು ವಲಸಿಗರ ಮಕ್ಕಳು. ಈಸಿಬೀಟ್ಸ್ ತಂಡ ಹುಟ್ಟಿದ್ದು ಸಿಡ್ನಿಯ ವಿಲ್ಲವುಡ್ ವಲಸಿಗರ ಹಾಸ್ಟೆಲಿನ ನಂಟಿನಲ್ಲಿ. ಐವರಲ್ಲಿ ಇಬ್ಬರು ಡಚ್ಚರು, ಇಬ್ಬರು ಇಂಗ್ಲಿಷರು, ಒಬ್ಬ ಗ್ಲಾಸ್ಗೊದವನು. 1966ರಲ್ಲಿ 'ಫ್ರೈಡೇ ಆನ್ ಮೈ ಮೈಂಡ್' ಬ್ರಿಟನ್ನಿನಲ್ಲಿ ಆರನೆಯ ಸ್ಥಾನಕ್ಕೆ ಹೋಯಿತು. ವಾರವಿಡೀ ದುಡಿದು ಶುಕ್ರವಾರ ಕಾಯುವವನ ಹಾಡು ಅದು, ಬರೆದವರು ಹ್ಯಾರಿ ವಾಂಡಾ ಮತ್ತು ಜಾರ್ಜ್ ಯಂಗ್. ಜಾರ್ಜನ ತಮ್ಮಂದಿರು ಮುಂದೆ ಎಸಿ/ಡಿಸಿ ಎಂಬ ರಾಕ್ ತಂಡ ಕಟ್ಟಿದರು. ಈ ಹೆಸರು ಮೊಮ್ಮಗನಿಗೆ ಗೊತ್ತಿರಲೇಬೇಕು. ಅಡಿಲೇಡ್ ಹತ್ತಿರದ ಎಲಿಜಬೆತ್ ಎಂಬ ಹೊಸ ಊರಿನಿಂದ ಬಂದ ಟ್ವೈಲೈಟ್ಸ್ ತಂಡದ್ದೂ ಇದೇ ಕಥೆ. ಲಂಡನ್ನಿಗೆ ಹೋಗಿ ಅಬ್ಬೆ ರೋಡಿನ ಸ್ಟುಡಿಯೊದಲ್ಲಿ ಹಾಡಿ ಬಂದರು, ಮರಳಿದ ಮೇಲೆ ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮನ್ನು ಇಡಿಯಾಗಿ ವೇದಿಕೆಯ ಮೇಲೆ ನುಡಿಸುತ್ತಿದ್ದರು.

ನಾನು ಈ ಸಂಗೀತ ಮೊದಲು ಕೇಳಿದ್ದೇ ಅಂಥ ಒಂದು ವಲಸೆಯ ಬಾಲದಲ್ಲಿ. ಬೆಂಗಳೂರಿನಿಂದ, ಕೆಜಿಎಫ್‌ನಿಂದ ಎಷ್ಟೋ ಆಂಗ್ಲೋ-ಇಂಡಿಯನ್ ಕುಟುಂಬಗಳು ಆ ಕಾಲದಲ್ಲಿ ಆಸ್ಟ್ರೇಲಿಯಕ್ಕೆ ಹೋದವಲ್ಲ, ಕಾಕ್ಸ್‌ಟೌನಿನ ಒಂದು ಮನೆಯವರು ಅಕ್ಕ ಮೆಲ್ಬರ್ನ್‌ನಿಂದ ಕಳಿಸಿದ್ದ ಈಸಿಬೀಟ್ಸ್ ರೆಕಾರ್ಡನ್ನು ನನ್ನಲ್ಲಿಗೆ ತಂದಿದ್ದರು. ನಡುವೆ ಒಂದು ಬಿರುಕು. ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ಕ್ಲೀನ್ ಮಾಡಿ ಕೊಟ್ಟಾಗ ಅಮ್ಮನವರು ಕೇಳಿ, 'ಟಕ್ ಎಲ್ಲಿ ಹೋಯಿತು?' ಎಂದರು. ಆ ಮನೆಯಲ್ಲಿ ಮೂವತ್ತು ವರ್ಷ ಅದು ಹಾಡಿನ ತಾಳವೇ ಆಗಿಹೋಗಿತ್ತು. ಅಂದಿನಿಂದ ಮೂಲ ಪ್ರತಿಯನ್ನು ಮುಟ್ಟದೆ ಬೇರೆ ಇಟ್ಟೇ ಮುಂದಿನ ಕೆಲಸ ಮಾಡುತ್ತೇನೆ.

ಅದೇ ನಿಮಗೆ ನನ್ನ ಮೊದಲ ಸಲಹೆ, ಖರ್ಚಿಲ್ಲದ್ದು. ಅಂಗಡಿಗೆ ಫೋನ್ ಮಾಡಿ, ಜಗಳ ಬೇಡ, 'ಕ್ಲೀನ್ ಮಾಡುವ ಮೊದಲಿನ ರಾ ಫೈಲ್ ಇದೆಯಾ' ಎಂದು ಕೇಳಿ. ಇದ್ದರೆ ಎಂಪಿ3 ಮಾಡಿಸದೆ ಹಾಗೆಯೇ ತನ್ನಿ. ಚಟಪಟದ ನಡುವೆ ವಿಮಾನ ಕೂತಿರುತ್ತದೆ. ವರ್ಷವಾಗಿದೆ, ಅಳಿಸಿರಲೂಬಹುದು.

ಅಳಿಸಿದ್ದರೆ ಆನ್‌ಲೈನ್‌ನಲ್ಲಿ ಅಧಿಕೃತ ಮರುಬಿಡುಗಡೆ ಕೇಳುವುದು ಸುಲಭದ ದಾರಿ. ಕೇಳಿ, ಖಂಡಿತ ಕೇಳಿ. ಅದು ಬ್ರನ್ಸ್‌ವಿಕ್‌ನ ಆ ಮನೆಯಲ್ಲಿ ಕೇಳಿದಂತೆಯೇ ಇರಬೇಕೆಂದು ಮಾತ್ರ ನಿರೀಕ್ಷಿಸಬೇಡಿ. ಆಗ ಅಲ್ಲಿ ರೇಡಿಯೊ ಎಂದರೆ ಎಎಂ, ಎಫ್‌ಎಂ ಇನ್ನೂ ಬಂದಿರಲಿಲ್ಲ. ಸಿಂಗಲ್‌ಗಳು ಬಹುತೇಕ ಮೋನೊ. ಚಿಕ್ಕ ಸ್ಪೀಕರಿನಿಂದ ಒಂದೇ ಕಡೆಯಿಂದ ನುಗ್ಗಿ ಬರಲಿ ಎಂದೇ ಬೆರೆಸಿದ ಹಾಡುಗಳನ್ನು ಈಗಿನ ಬಿಡುಗಡೆಗಳಲ್ಲಿ ಸ್ಟೀರಿಯೊ ಮಾಡಿ ಎಡಕ್ಕಷ್ಟು ಬಲಕ್ಕಷ್ಟು ಹರಡಿರುವುದುಂಟು. ಜೊತೆಗೆ ದನಿಯ ಏರಿಳಿತ ತಟ್ಟಿ ಸಮ ಮಾಡಿರುತ್ತಾರೆ. ಒಂದೇ ಸ್ಪೀಕರಿನಲ್ಲಿ, ಮೋನೊಗೆ ಹಾಕಿ ಕೇಳಿ ನೋಡಿ. ಅರ್ಧ ನೆನಪು ಅದರಲ್ಲೇ ಮರಳೀತು.

ಮೂರನೆಯದು ರೆಕಾರ್ಡಿನಿಂದ ಮತ್ತೊಮ್ಮೆ ಸರಿಯಾಗಿ ಎತ್ತಿಸುವುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ. ಎಲ್ಲ 22ಕ್ಕೂ ಬೇಡ. ಹೆಚ್ಚಿನವು ಮರುಬಿಡುಗಡೆಯಲ್ಲಿ ಸಿಕ್ಕಾವು. ಆ ಒಂದಕ್ಕೆ, ಬೇಕಾದರೆ ಇನ್ನು ಮೂರು ನಾಲ್ಕಕ್ಕೆ ಸಾಕು. ಮಾಡುವವರಿಗೆ ಮುಂಚೆಯೇ ಮೂರು ಮಾತು ಕೇಳಿ. ಬೇರೆ ಬೇರೆ ಅಳತೆಯ ಮುಳ್ಳುಗಳಿವೆಯೇ? ಹಳೆಯ ಮುಳ್ಳು ಸವೆಸಿದ್ದು ಗೆರೆಯ ಗೋಡೆಯ ಒಂದು ಎತ್ತರವನ್ನು ಮಾತ್ರ. ಸ್ವಲ್ಪ ದಪ್ಪದ ಮೋನೊ ಮುಳ್ಳು ಅದಕ್ಕಿಂತ ಮೇಲೆ, ಸವೆಯದ ಜಾಗದಲ್ಲಿ ಕೂರುತ್ತದೆ. ಎಷ್ಟೋ ಸಲ ಸತ್ತಿತು ಅಂದುಕೊಂಡ ರೆಕಾರ್ಡು ಎದ್ದು ಕೂತದ್ದು ಕಂಡಿದ್ದೇನೆ. ಏನೂ ಸವರದ ಪ್ರತಿಯನ್ನು 96 ಕಿಲೊಹರ್ಟ್ಸ್, 24 ಬಿಟ್‌ನ ವೇವ್ ಫೈಲಾಗಿ ಕೊಡುತ್ತೀರಾ? ಚಟಪಟ ತೆಗೆಯುವುದಾದರೆ ಇನ್ನೊಂದು ಪ್ರತಿಯ ಮೇಲೆ, ಕೈಯಲ್ಲಿ, ಒಂದೊಂದಾಗಿ ತೆಗೆಯುತ್ತೀರಾ? 'ಎಐ ಎಲ್ಲ ನೋಡಿಕೊಳ್ಳುತ್ತೆ' ಎಂದರೆ ರೆಕಾರ್ಡು ಚೀಲಕ್ಕೆ ಹಾಕಿಕೊಂಡು ಎದ್ದು ಬನ್ನಿ. ಇದರ ಅಪಾಯ ಒಂದೇ, ಸವೆತ ತೀರಾ ಆಳವಿದ್ದರೆ ಕೊನೆಯ ನಿಮಿಷ ಒಡಕಾಗಿಯೇ ಬರುತ್ತದೆ. ಯಾರಿಂದಲೂ ಅದನ್ನು ಮರಳಿಸಲು ಆಗದು.

ಈಗ ನಿಮ್ಮ ಮಗ ತರಿಸಿಕೊಟ್ಟ ಸೂಟ್‌ಕೇಸ್ ಪ್ಲೇಯರ್. ಅಗ್ಗದ ಮಾದರಿಗಳಲ್ಲಿ ಮುಳ್ಳು ಐದು ಗ್ರಾಂ ಆಸುಪಾಸಿನ ಭಾರದಿಂದ ಒತ್ತುತ್ತದೆ, ಒಳ್ಳೆಯ ಪ್ಲೇಯರಿನಲ್ಲಿ ಒಂದೂವರೆ, ಎರಡು ಗ್ರಾಂ. ಹೊಸ ರೆಕಾರ್ಡು ತಂದು ಅದರಲ್ಲಿ ಧಾರಾಳವಾಗಿ ಹಾಕಿಕೊಳ್ಳಿ, ಮಗನ ಮನಸ್ಸಿಗೂ ಖುಷಿ. ಈ ಒಂದನ್ನು ಬೇಡ.

ಸ್ಪಿರಿಟ್ ವಿಷಯದಲ್ಲಿ ಕಟುವಾಗಿಯೇ ಹೇಳಬೇಕು. ನಿಮ್ಮ ತಂದೆಯವರ ಪ್ಲೇಟುಗಳು ಅರಗಿನಿಂದ ಮಾಡಿದವು. ಸ್ಪಿರಿಟ್ ಅರಗನ್ನು ಕರಗಿಸುತ್ತದೆ. ಒಂದೇ ಒರೆತಕ್ಕೆ ಗೆರೆ ಅಳಿಸಿ ಹೋಗುತ್ತದೆ, ಬಟ್ಟೆಗೆ ಕಪ್ಪು ಅಂಟಿಕೊಂಡದ್ದನ್ನು 'ಎಷ್ಟು ಕೊಳೆ ಬಂತು ನೋಡಿ' ಎಂದುಕೊಂಡವರಿದ್ದಾರೆ. ಸಣ್ಣ ರೆಕಾರ್ಡುಗಳು ವಿನೈಲ್, ಅಷ್ಟು ಬೇಗ ಕೆಡುವುದಿಲ್ಲ, ಆದರೂ ನೇರ ಸ್ಪಿರಿಟ್ ಬೇಡ. ಮೊದಲು ಅಂಗಳಕ್ಕೆ ಬನ್ನಿ, ಮೂಗಿಗೆ ಮಾಸ್ಕ್ ಕಟ್ಟಿ. ಬೂಷ್ಟಿನ ಪುಡಿ ಈ ವಯಸ್ಸಿನಲ್ಲಿ ಎದೆಗೆ ಒಳ್ಳೆಯದಲ್ಲ. ಮೆತ್ತನೆ ಬ್ರಶ್‌ನಿಂದ ಒಣ ಬೂಷ್ಟು ಉದುರಿಸಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಗುತ್ತದಲ್ಲ, ಒಂದು ಲೀಟರಿಗೆ ಪಾತ್ರೆ ತೊಳೆಯುವ ಬಣ್ಣ, ವಾಸನೆ ಇಲ್ಲದ ದ್ರಾವಣ ಎರಡೇ ಹನಿ. ಮೈಕ್ರೋಫೈಬರ್ ಬಟ್ಟೆ ಅದ್ದಿ, ಹಿಂಡಿ, ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ, ಅಡ್ಡಕ್ಕೆ ಬೇಡ. ಲೇಬಲ್ ಒದ್ದೆಯಾಗಬಾರದು. ಆಮೇಲೆ ಬರೀ ನೀರಿನಲ್ಲಿ ಮತ್ತೊಮ್ಮೆ. ಒಣಗಿಸುವುದು ಫ್ಯಾನಿನ ಕೆಳಗೆ, ನಿಲ್ಲಿಸಿ. ಹಪ್ಪಳ ಇಟ್ಟಂತೆ ಬಿಸಿಲಿಗೆ ಇಟ್ಟು ಹಪ್ಪಳದಂತೆಯೇ ಎತ್ತಿಕೊಂಡವರನ್ನು ನೋಡಿದ್ದೇನೆ. ಮಳೆಗಾಲದಲ್ಲಿ ನಿಮ್ಮ ಕಡೆ ಗೋಡೆಯೇ ಬೆವರುತ್ತದೆ, ಆದ್ದರಿಂದ ನಡುಮನೆಯ ಕಪಾಟಿನಲ್ಲಿ, ಹೊರಗೋಡೆಗೆ ತಾಗದಂತೆ, ನೆಟ್ಟಗೆ ನಿಲ್ಲಿಸಿ ಇಡಿ. ಅರಗಿನ ಪ್ಲೇಟುಗಳನ್ನು ಸದ್ಯಕ್ಕೆ ಒಣ ಬ್ರಶ್ ಆಡಿಸಿ ಬಿಡಿ, ಅವು ತಿಳಿದವರ ಕೈಗೇ ಹೋಗಲಿ.

ಮಾರಿದರೆ ಲಕ್ಷ ಬರುತ್ತದೆ ಎಂದು ಯಾರಾದರೂ ಹೇಳಿಯಾರು. ಹಿಟ್ ಆದ ಹಾಡಿನ ಪ್ರತಿಗಳು ಸಾವಿರಾರು ಉಳಿದಿರುತ್ತವೆ, ಬೆಲೆ ಬರುವುದು ಯಾರೂ ಕೊಳ್ಳದೆ ಸೋತುಹೋದ ರೆಕಾರ್ಡಿಗೆ. ಯೂಟ್ಯೂಬಿಗೆ ಹಾಕುವುದೂ ಬೇಡ, ಹಕ್ಕುಗಳು ಇನ್ನೂ ಜೀವಂತವಾಗಿವೆ. ಮನೆಮಟ್ಟಿಗೆ ಕೇಳಿ. ಕ್ಯಾನ್‌ಬೆರಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 'ದ ರಿಯಲ್ ಥಿಂಗ್' ಅನ್ನು ದೇಶದ ಮುಖ್ಯ ಧ್ವನಿಗಳ ಪಟ್ಟಿಗೆ ಸೇರಿಸಿಕೊಂಡಿದೆ. ಆದ್ದರಿಂದ ಆ ಹಾಡನ್ನು ಉಳಿಸುವ ಭಾರ ನಿಮ್ಮ ಮೇಲಿಲ್ಲ.

ಉಳಿಸಬೇಕಾದ್ದು ಕವರನ್ನು. 1965ರಿಂದ 1972ರವರೆಗೆ ಆಸ್ಟ್ರೇಲಿಯದಲ್ಲಿ ಇಪ್ಪತ್ತು ತುಂಬುವ ಹುಡುಗರನ್ನು ಲಾಟರಿ ಎತ್ತಿ ಸೇನೆಗೆ ಸೇರಿಸಿಕೊಳ್ಳುತ್ತಿದ್ದರು. ಹುಟ್ಟಿದ ತಾರೀಖುಗಳಿಗೆ ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಗೋಲಿಗಳನ್ನು ಪೀಪಾಯಿಗೆ ಹಾಕಿ ಎತ್ತುವುದು. ಹೀಗೆ 63,735 ಮಂದಿ ಸೇರಿದರು, ಅವರಲ್ಲಿ 15,381 ಮಂದಿ ವಿಯೆಟ್ನಾಂಗೆ ಹೋದರು. ಆಗಿನ ದೊಡ್ಡ ಪಾಪ್ ತಾರೆ ನಾರ್ಮಿ ರೋ ಕೂಡ ಬಚಾವಾಗಲಿಲ್ಲ. ಅವರನ್ನು ನೆನೆದೇ ಜಾನಿ ಯಂಗ್ 'ಸ್ಮೈಲಿ' ಬರೆದರು, ಅದನ್ನು ರಾನಿ ಬರ್ನ್ಸ್ ಹಾಡಿದರು. ಬಾಂಬಿನಲ್ಲಿ ಮುಗಿಯುವ ಹಾಡು ಆ ವರ್ಷ ಆ ಮನೆಯಲ್ಲಿ ಹೇಗೆ ಕೇಳಿಸಿರಬಹುದು ಎಂದು ನೀವೇ ನನಗಿಂತ ಚೆನ್ನಾಗಿ ಬಲ್ಲಿರಿ.

ಆದ್ದರಿಂದ ಆ ಕವರಿಗೆ ನೀರು ಸೋಕಿಸಬೇಡಿ, ಶಾಯಿ ಹರಡುತ್ತದೆ. ಸೆಲ್ಲೊಟೇಪ್, ಲ್ಯಾಮಿನೇಷನ್ ಎರಡೂ ಬೇಡ. ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ಹಿಡಿದು ಮೊಮ್ಮಗನ ಫೋನಿನಲ್ಲಿ ನಾಲ್ಕು ಫೋಟೊ ತೆಗೆಸಿ. ಎರಡು ದಿನ ಒಣ ಕೋಣೆಯಲ್ಲಿ ತೆರೆದಿಟ್ಟು, ಬೂಷ್ಟನ್ನು ಮೆತ್ತನೆ ಬ್ರಶ್ಶಿನಿಂದ ಬರಹ ಇಲ್ಲದ ಕಡೆಯಿಂದ ಹೊರಕ್ಕೆ ಗುಡಿಸಿ. ರೆಕಾರ್ಡಿಗೆ ಹೊಸ ಬಿಳಿ ಕವರು ಕೊಂಡು ಹಾಕಿ, ಹಳೆಯದನ್ನು ಅದರ ಪಕ್ಕಕ್ಕೆ ಇಡಿ. ಆ ಎರಡು ಸಾಲಿನ ಮೇಲೆ ಬೂಷ್ಟು ಕೂತಿದ್ದರೆ ಅಲ್ಲಿಗೆ ಬ್ರಶ್ ಕೂಡ ಬೇಡ, ಹಾಗೆಯೇ ನನ್ನಲ್ಲಿಗೆ ತನ್ನಿ.